ಅಟ್ಟದ ಮೇಲಿನ ಅರ್ಧ ಕೌದಿ

ಕೌದಿ, ಅಂದರೆ ಹಳೇ ಬಟ್ಟೆ ಪದರಪದರವಾಗಿ ಜೋಡಿಸಿ ಹೊಲಿಯುವ ಹೊದಿಕೆ, ಶುರು ಮಾಡುವ ಹುಮ್ಮಸ್ಸು ಈಗಿನ ಹುಡುಗಿಯರಿಗೆ ಬಹಳ. ಮುಗಿಸೋದು ಮಾತ್ರ ಯಾರಿಗೂ ಬೇಡ. ಧಾರವಾಡದ ನಮ್ಮ ಓಣಿಯಲ್ಲಿ ಯಾರ ಮನೆಯ ಅಟ್ಟ ಹುಡುಕಿದರೂ ಒಂದು ಗಂಟು ಸಿಕ್ಕೇ ಸಿಗುತ್ತದೆ. ಅಜ್ಜಿಯ ಸೀರೆ, ಮಾವನ ಧೋತರ, ಅರ್ಧ ಹೊಲಿದ ಕೌದಿ, ಅದರಲ್ಲೇ ಚುಚ್ಚಿಟ್ಟ ತುಕ್ಕು ಹಿಡಿದ ಸೂಜಿ. ಸೂಜಿ ಬಟ್ಟೆಯಲ್ಲಿ ಬಿಟ್ಟು ಏಳಬೇಡಿ ಅಂತ ಎಷ್ಟು ಹೇಳಿದರೂ ಅಷ್ಟೇ. ಬಿಳಿ ಧೋತರದ ಮೇಲೆ ತುಕ್ಕು ಕೂತಿದ್ದರೆ ನಿಂಬೆಹಣ್ಣು, ಉಪ್ಪು ತಿಕ್ಕಿ ಬಿಸಿಲಿಗೆ ಹಾಕಿ, ಆಮೇಲೆ ಚೆನ್ನಾಗಿ ತೊಳೆಯಿರಿ. ಬಣ್ಣದ ಬಟ್ಟೆಗೆ ಈ ಉಪಾಯ ಬೇಡ, ಕಲೆಯ ಜೊತೆ ಬಣ್ಣವೂ ಹೋದೀತು.

ಗಂಟು ಬಿಚ್ಚಿದ ದಿನವೇ ಹೊಲಿಯಲು ಕೂರಬೇಡಿ. ಮೊದಲು ಕೊಡವಿ, ಬಿಸಿಲಿಗೆ ಹಾಕಿ, ಇಲಿ ಕಡಿದಿದೆಯಾ ನೋಡಿ. ತುಂಡು ಸಾಲದೆ ಹೊಸ ಬಟ್ಟೆ ತಂದಿದ್ದರೆ ಅದನ್ನು ರಾತ್ರಿಯಿಡೀ ನೆನೆಸಿ ಒಣಗಿಸಲೇಬೇಕು. ಹೊಸ ಹತ್ತಿ ಬಟ್ಟೆ ತೊಳೆದ ಮೇಲೆ ಕುಗ್ಗುತ್ತದೆ, ಹಳೆಯದು ಎಂದೋ ಕುಗ್ಗಿ ಮುಗಿದಿರುತ್ತದೆ. ಎರಡನ್ನೂ ಹಾಗೇ ಜೋಡಿಸಿದರೆ ಮೊದಲ ಒಗೆತಕ್ಕೇ ಕೌದಿ ಮುಖ ಗಂಟಿಕ್ಕುತ್ತದೆ. ಇಳಕಲ್ ಸೀರೆಯ ಕೆಂಪು ಸೆರಗನ್ನು ಒದ್ದೆ ಬಿಳಿ ಬಟ್ಟೆಯಿಂದ ಒಮ್ಮೆ ತಿಕ್ಕಿ ನೋಡಿ. ಬಣ್ಣ ಬಿಟ್ಟರೆ ನೀರು ತಿಳಿಯಾಗುವವರೆಗೂ ತೊಳೆಯಿರಿ. ಪಾಲಿಸ್ಟರ್ ಸೀರೆ ಮಾತ್ರ ಬೇಡವೇ ಬೇಡ. ಬೆವರು ಹೀರೋದಿಲ್ಲ, ಜಾರುತ್ತದೆ. ಕೂಸು ಮಲಗಿಸುವ ಕೌದಿಗಂತೂ ಮೆತ್ತಗಾದ ಹಳೇ ಹತ್ತಿ ಬಟ್ಟೆಯೇ ಆಗಬೇಕು.

ಇನ್ನು ನನಗೆ ಸಿಟ್ಟು ಬರೋದು ಎಲ್ಲಿ ಗೊತ್ತಾ? ಹಳೇ ಹೊಲಿಗೆ ನಿಂತ ಜಾಗದಿಂದಲೇ ಮುಂದಕ್ಕೆ ಹೊಲಿಯಲು ಶುರು ಮಾಡುತ್ತಾರೆ. ವರ್ಷಗಟ್ಟಲೆ ಮಡಚಿಟ್ಟ ಬಟ್ಟೆಯಲ್ಲಿ ಪದರಗಳು ಸರಿದಿರುತ್ತವೆ. ಹೊಲಿದ ಭಾಗ ಬಿಗಿದುಕೊಂಡಿರುತ್ತದೆ, ಹೊಲಿಯದ ಭಾಗ ಸಡಿಲ. ಅದಕ್ಕೇ ಹಿಂದಕ್ಕೆ ಹೋಗಬೇಕು. ಹೊಲಿಗೆ ನಿಂತ ಕಡೆಯಿಂದ ಒಂದು ಗೇಣು ಬಿಚ್ಚಿ, ಸುತ್ತಲೂ. ಅಯ್ಯೋ, ಹೊಲಿದದ್ದನ್ನು ಬಿಚ್ಚೋದಾ ಅನ್ನಬೇಡಿ. ಕತ್ತರಿ ತೂರಿಸಿ ಎಳೆದಾಡಲೂಬೇಡಿ, ಹಳೇ ಸೀರೆ ಹರಿಯುತ್ತದೆ. ಹಿಂಬದಿಯಲ್ಲಿ ನಾಲ್ಕು ಹೊಲಿಗೆಗೊಂದರಂತೆ ದಾರ ಕತ್ತರಿಸಿ, ಮುಂದಿನಿಂದ ಮೆಲ್ಲಗೆ ಎಳೆದರೆ ತಾನೇ ಬರುತ್ತದೆ. ಅಂಗೈ ಒದ್ದೆ ಮಾಡಿಕೊಂಡು ಆ ಜಾಗ ಸವರಿ. ಸೂಜಿಯ ತೂತು ಮುಚ್ಚಿಕೊಳ್ಳುತ್ತವೆ. ನಡುವೆ ಮೊದಲೇ ಕೂರಿಸಿದ ತುಂಡಿದ್ದರೆ ಅದನ್ನೂ ಬಿಡಿಸಿಡಿ.

ಆಮೇಲೆ ಗುಡಿಸಿ ಒರೆಸಿದ ಫರಸಿ ನೆಲದ ಮೇಲೆ ಕೌದಿ ಹಾಸಿ. ಮಂಚದ ಮೇಲೆ ಅಲ್ಲ! ನಾಲ್ಕು ಮೂಲೆಗೂ ಜೋಳದ ಡಬ್ಬಿಯೋ ನೀರು ತುಂಬಿದ ತಂಬಿಗೆಯೋ ಇಡಿ. ಅಡಿಯ ಸೀರೆಯನ್ನು ಎಳೆಯಬೇಡಿ, ಅಂಗೈಯಿಂದ ಸವರಿ ಸುಕ್ಕು ಬಿಡಿಸಿ ಸಾಕು. ಮೊದಲು ಅಡ್ಡಕ್ಕೊಂದು, ಉದ್ದಕ್ಕೊಂದು ಕಚ್ಚಾ ಹೊಲಿಗೆ ಹಾಕಿ, ಪದರ ಸರಿಯದಂತೆ ಹಿಡಿದಿಡೋಕೆ. ಆಮೇಲೆ ಗೇಣಿಗೊಂದು ಸಾಲು. ಕಚ್ಚಾ ಹೊಲಿಗೆಗೆ ಕಣ್ಣಿಗೆ ಹೊಡೆಯುವ ಬಣ್ಣದ ದಾರ ಇರಲಿ, ಕೊನೆಗೆ ತೆಗೆಯುವಾಗ ಹುಡುಕಾಡುವ ಕೆಲಸ ತಪ್ಪುತ್ತದೆ. ಮತ್ತೆ ಶುರು ಮಾಡುವಾಗ ಹಳೇ ಹೊಲಿಗೆಯೊಳಗೆ ಎರಡು ಬೆರಳಗಲ ಹಿಂದೆ ಹೋಗಿ, ಅದರ ಪಕ್ಕದಲ್ಲೇ, ಅದೇ ಅಳತೆಯಲ್ಲಿ ಹೊಲಿಯುತ್ತಾ ಬನ್ನಿ. ಆಗ ಅತ್ತೆಯ ಕೈ ಎಲ್ಲಿ ಮುಗಿಯಿತು, ಸೊಸೆಯ ಕೈ ಎಲ್ಲಿ ಶುರುವಾಯಿತು ಅಂತ ಯಾರಿಗೂ ಗೊತ್ತಾಗೋದಿಲ್ಲ. ದಾರ ನಿಮ್ಮ ಕೈಯುದ್ದಕ್ಕಿಂತ ಜಾಸ್ತಿ ಬೇಡ, ಜೇನುಮೇಣದ ಮೇಲೆ ಒಮ್ಮೆ ಎಳೆದುಕೊಳ್ಳಿ.

ಅಂಚಿನಿಂದ ಸುತ್ತು ಸುತ್ತಾಗಿ ಒಳಗೆ ಬರಬೇಕು, ನಡುವಿನ ತುಂಡು ಕೊನೆಗೆ. ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಜನಾಂಗದ ಹೆಣ್ಣುಮಕ್ಕಳು ಹೊಲಿಯೋದೂ ಹೀಗೇ. ಮೂಲೆಗೆ ಬಟ್ಟೆ ಮಡಚಿ ಇಡುವ ಹೂವು ಅವರದೇ ಚಂದ. ನಮ್ಮ ಅತ್ತೆಯವರ ಕಾಲದಲ್ಲಿ ಬೇಸಿಗೆಯ ಮಧ್ಯಾಹ್ನ ಊಟ ಆದ ಮೇಲೆ ಪಡಸಾಲೆಯಲ್ಲಿ ನಾಲ್ಕು ಬದಿಗೆ ನಾಲ್ವರು ಕೂರುತ್ತಿದ್ದರು. ಮಾತೂ ಓಡುತ್ತಿತ್ತು, ಸೂಜಿಯೂ ಓಡುತ್ತಿತ್ತು. ಆದರೆ ಬ್ಯಾಡಗಿ ಮೆಣಸಿನಕಾಯಿ ಬಿಡಿಸಿದ ಕೈಯಲ್ಲಿ ಯಾರಾದರೂ ಬಂದರೆ ಅತ್ತೆ ಎಬ್ಬಿಸಿ ಕಳಿಸುತ್ತಿದ್ದರು. ಅಂದ ಹಾಗೆ, ಮೆಣಸಿನಕಾಯಿಯ ತೊಟ್ಟು ಬಿಸಿಲಿಗೆ ಹಾಕುವ ಮೊದಲೇ ಮುರಿಯಿರಿ. ಗರಿಗರಿಯಾದ ಮೇಲೆ ಮುರಿದರೆ ಬೀಜವೆಲ್ಲಾ ನೆಲಕ್ಕೆ, ಘಾಟೆಲ್ಲಾ ಮೂಗಿಗೆ.

ಮಳೆಗಾಲಕ್ಕೆ ಮುಂಚೆ ಮುಗಿಸಿಬಿಡಿ. ನಮ್ಮೂರ ಜಿಟಿಜಿಟಿ ಮಳೆಯಲ್ಲಿ ತೊಳೆದ ಕೌದಿ ಒಣಗೋದಿಲ್ಲ, ಮುಗ್ಗಲು ವಾಸನೆ ಬರುತ್ತದೆ. ಒದ್ದೆ ಕೌದಿ ಭಾರ. ಒಂದೇ ಹಗ್ಗಕ್ಕೆ ನೇತು ಹಾಕಿದರೆ ಹೊಲಿಗೆ ಜಗ್ಗುತ್ತದೆ. ಮಾಳಿಗೆಯ ಮೇಲೆ ಹಾಸಿ ಒಣಗಿಸಿ. ಎತ್ತಿಡುವಾಗ ಒಣಗಿದ ಬೇವಿನ ಎಲೆ ಸಾಕು. ಡಾಂಬರ್ ಗುಳಿಗೆ (ನುಸಿ ಗುಳಿಗೆ, ನ್ಯಾಫ್ತಲೀನ್) ಇಟ್ಟ ಬಟ್ಟೆಯನ್ನು ಕೂಸಿಗೆ ಹೊದಿಸಬಾರದು, ಕೆಲವು ಕೂಸುಗಳಿಗೆ ಅದರಿಂದ ರಕ್ತದ ಕಣ ಒಡೆದು ಕಾಮಾಲೆಯಾಗುತ್ತದೆ.