ಮನೆ ಹೋರಿ, ಮನೆ ಮಣಕ

2017ರ ಮಳೆಗಾಲದಲ್ಲಿ ನಮ್ಮ ಕೊಟ್ಟಿಗೆಯಲ್ಲಿ ಒಂದು ಕರು ಹುಟ್ಟಿತು. ಬಿಳಿ ಮೈ ಮೇಲೆ ಕಪ್ಪು ಮಚ್ಚೆ, ಜೋತು ಬಿದ್ದ ಕಿವಿ, ಉಬ್ಬಿದ ಹಣೆ. ಯಾರು ನೋಡಿದರೂ ಅಸಲು ದೇವಣಿ ತಳಿ ಅನ್ನಬೇಕು. ಆದರೆ ಎರಡು ದಿನವಾದರೂ ಎದ್ದು ಮೊಲೆ ಹಿಡಿಯಲಿಲ್ಲ. ಗಿಣ್ಣದ ಹಾಲು ಹಿಂಡಿ ಬಾಟಲಿಯಲ್ಲಿ ಕುಡಿಸಿದೆವು. ಒಂಬತ್ತನೇ ದಿನ ಹೋಯಿತು. ಅದರ ಹಿಂದಿನ ವರ್ಷ ಎರಡು ಮಣಕಗಳು, ಅಂದರೆ ಇನ್ನೂ ಈಯದ ಹರೆಯದ ಆಕಳುಗಳು, ಮೇಲಿಂದ ಮೇಲೆ ಬೆದೆಗೆ ಬಂದರೂ ಗಬ್ಬ ನಿಂತಿರಲಿಲ್ಲ. ನಾನು ಸುಮ್ನೆ ಮೇವಿನ ಮೇಲೆ ತಪ್ಪು ಹಾಕಿದ್ದೆ.

ನಮ್ಮದು ಭಾಲ್ಕಿ ತಾಲ್ಲೂಕಿನ ಹಳ್ಳಿ. ಅಪ್ಪನ ಕಾಲದಿಂದಲೂ ಕಟ್ಟಿದ್ದು ದೇವಣಿಯೇ. ಈ ತಳಿಗೆ ಹೆಸರು ಬಂದ ದೇವಣಿ ಊರು ಈಗ ಮಹಾರಾಷ್ಟ್ರದ ಲಾತೂರ್ ಜಿಲ್ಲೆಯಲ್ಲಿದೆ. 1956ಕ್ಕೆ ಮುಂಚೆ ಉದಗೀರ, ನಿಲಂಗಾ, ಅಹ್ಮದಪುರ ಎಲ್ಲ ನಮ್ಮ ಬೀದರ್ ಜಿಲ್ಲೆಯ ತಾಲ್ಲೂಕುಗಳೇ. ಗಡಿ ಬದಲಾಯಿತು ಅಂತ ದನಗಳಿಗೆ ಯಾರು ಹೇಳಬೇಕು? ಇವತ್ತಿಗೂ ಎರಡೂ ಕಡೆ ಅದೇ ದನ.

ದೇವಣಿಯಲ್ಲಿ ಮೂರು ಬಗೆ. ಪೂರ್ತಿ ಬಿಳಿ ಇದ್ದರೆ ಬಾಲಂಕ್ಯಾ. ಮೈ ಬಿಳಿ, ಮುಖ ಕಪ್ಪು ಇದ್ದರೆ ವಾನೇರಾ, ಥೇಟ್ ಮುಸುವನ ಹಾಗೆ. ಮೈಯೆಲ್ಲ ಕಪ್ಪು ಮಚ್ಚೆ ಇದ್ದರೆ ವಾಘ್ಯಾ, ಕೆಲವರು ಶೇವರಾ ಅಂತಾರೆ. ನನಗೆ ವಾಘ್ಯಾ ಹುಚ್ಚು. ಆ ಹುಚ್ಚೇ ನನ್ನನ್ನು ಹಾಳು ಮಾಡಿತು ನೋಡಿ. ನಮ್ಮದೇ ಆಕಳಿಗೆ ಹುಟ್ಟಿದ ಒಂದು ವಾಘ್ಯಾ ಹೋರಿ ಇತ್ತು. ಡುಬ್ಬ ಗಟ್ಟಿ, ನಡಿಗೆ ಚೆಂದ, ಸ್ವಭಾವ ಸಾಧು. ಕಾರಹುಣ್ಣಿಮೆಗೆ ಅದನ್ನು ಸಿಂಗರಿಸಿ ಹೊರಗೆ ತಂದರೆ ಓಣಿಯ ಮಂದಿ ನಿಂತು ನೋಡುತ್ತಿದ್ದರು. ಇಂಥ ಹೋರಿ ಬಿಟ್ಟು ಬೇರೆ ಯಾಕೆ ಅಂತ ಏಳು ವರ್ಷ ಆಕಳುಗಳಿಗೆ ಅದನ್ನೇ ಬಿಟ್ಟೆ.

ಕರು ಸತ್ತ ದಿನ ಪಕ್ಕದ ಹೊಲದ ಕಾಕಾ ಬಂದಿದ್ದರು. ಕೊಟ್ಟಿಗೆಯ ಮಣಕಗಳನ್ನು ಒಂದೊಂದಾಗಿ ತೋರಿಸಿ ಕೇಳಿದರು, "ತಮ್ಮಾ, ಇದು ಯಾರ ಮಗಳು? ಇದು?" ಎಲ್ಲದಕ್ಕೂ ಉತ್ತರ ಒಂದೇ. ಅದೇ ಹೋರಿ. "ಮತ್ತ ಇವಕ್ಕ ಬಿಟ್ಟಿದ್ದು ಯಾವ ಹೋರಿ?" ನಾನು ಬಾಯಿ ತೆಗೆಯಲಿಲ್ಲ.

ಆಮೇಲೆ ಬೀದರಿನ ಪಶುವೈದ್ಯರೊಬ್ಬರು ಲೆಕ್ಕ ಹೇಳಿದರು. ಅಪ್ಪ ಮಗಳ ಜೋಡಿಗೆ ಹುಟ್ಟಿದ ಕರುವಿನಲ್ಲಿ ರಕ್ತಸಂಬಂಧದ ಪ್ರಮಾಣ 25 ಪರ್ಸೆಂಟ್. ಒಬ್ಬನೇ ಅಪ್ಪನ, ಬೇರೆ ಬೇರೆ ತಾಯಿಯ ಅಣ್ಣ ತಂಗಿ ಜೋಡಿಯಾದರೂ 12.5. ಅಡಗಿ ಕೂತ ದೋಷಗಳು ಎರಡೂ ಕಡೆಯಿಂದ ಬಂದು ಕೂಡಿದರೆ ಹೊರಗೆ ಬೀಳುತ್ತವೆ. ಗಬ್ಬ ನಿಲ್ಲದಿರುವುದು, ಕರು ನಿತ್ರಾಣ ಆಗುವುದು, ಹಾಲು ಇಳಿಯುವುದು ಅದರ ಗುರುತು. ಆ ಕರುವಿಗೆ ಆಗಿದ್ದು ಇದೇ ಅಂತ ಗ್ಯಾರಂಟಿ ಹೇಳಲು ಬರುವುದಿಲ್ಲ ಅಂದರು ಅವರು. ನನಗೆ ಅಷ್ಟೇ ಸಾಕಾಗಿತ್ತು. ಅಸಲು ತಳಿ ಉಳಿಸುತ್ತೇನೆ ಅಂತ ನಾನು ಒಂದೇ ಮನೆತನ ಉಳಿಸುತ್ತಿದ್ದೆ.

ಈಗ ಕೊಟ್ಟಿಗೆಯ ಮೊಳೆಗೆ ಒಂದು ಉದ್ದನೆಯ ನೋಟ್‌ಬುಕ್ ನೇತಾಡುತ್ತದೆ. ಒಂದು ದನಕ್ಕೆ ಒಂದು ಪುಟ. ಕಿವಿಗೆ ಹಾಕಿದ ಹಳದಿ ಬಿಲ್ಲೆಯ 12 ಅಂಕಿ ಮೇಲುಗಡೆ. ಕೆಳಗೆ ತಾಯಿ ಯಾರು, ಅಪ್ಪ ಯಾರು, ತಾಯಿಯ ಅಪ್ಪ ಯಾರು. ಬೆದೆಗೆ ಬಂದ ದಿನ, ಹೋರಿ ಬಿಟ್ಟ ದಿನ, ಈದ ದಿನ. ಮೊದಮೊದಲು ಹೆಂಡತಿ ನಗುತ್ತಿದ್ದಳು. ಈಗ ನಾನು ಮರೆತರೆ ಅವಳೇ ಬರೆಯುತ್ತಾಳೆ. 21 ದಿನಕ್ಕೆ ಮತ್ತೆ ಬೆದೆ ಕಂಡರೆ ಗಬ್ಬ ನಿಂತಿಲ್ಲ ಅಂತ ಪುಟವೇ ಹೇಳುತ್ತದೆ.

ಹೋರಿಯ ಲೆಕ್ಕ ಇನ್ನೂ ಸರಳ. ನನ್ನ ಕೊಟ್ಟಿಗೆಯ ಮಣಕಗಳು ಸುಮಾರು ಮೂರು ವರ್ಷಕ್ಕೆ ಬೆದೆಗೆ ಬರುತ್ತವೆ. ಅಂದರೆ ಒಂದು ಹೋರಿ ಬಿಟ್ಟು ಮೂರು ವರ್ಷವಾಗುವಷ್ಟರಲ್ಲಿ ಅದು ಜಾಗ ಖಾಲಿ ಮಾಡಬೇಕು. ಮಗಳು ಬೆದೆಗೆ ಬಂದ ಮೇಲೆ ಹೋರಿ ಹುಡುಕಲು ಹೊರಟರೆ ತಡವಾಯಿತು. ಹುಡುಕಾಟ ಒಂದು ವರ್ಷ ಮೊದಲೇ ಶುರು. ದುಡ್ಡು ಕೊಟ್ಟು ಕೊಂಡಿದ್ದು ಒಂದೇ ಸಲ. ಉಳಿದವು ಅದಲು ಬದಲು: ಉದಗೀರ ಕಡೆಯ ಒಬ್ಬ ರೈತರ ಹೋರಿ ನನಗೆ, ನನ್ನದು ಅವರಿಗೆ. ಹೋಗಿ ಹೋರಿಯನ್ನು ನೋಡುವುದಕ್ಕಿಂತ ಜಾಸ್ತಿ ಹೊತ್ತು ಅದರ ತಾಯಿಯನ್ನು ನೋಡುತ್ತೇನೆ. ಕೆಚ್ಚಲು ಹೇಗಿದೆ, ಎಷ್ಟು ಸೂಲು ಈದಿದೆ, ಹಿಂಡುವಾಗ ಒದೆಯುತ್ತದಾ. ಒಮ್ಮೆ ಎರಡೂ ಹೊತ್ತು ಹಿಂಡಿಸಿ ನೋಡಲು ಅಲ್ಲೇ ರಾತ್ರಿ ಉಳಿದಿದ್ದೆ. ಮಚ್ಚೆ ನೋಡುವುದು ಕೊನೆಗೆ. ಈಗಿನ ಹೋರಿ ಬಾಲಂಕ್ಯಾ, ಒಂದು ಮಚ್ಚೆಯೂ ಇಲ್ಲ!

ಹೋರಿ ಸಿಗದ ವರ್ಷ ಇಂಜೆಕ್ಷನ್, ಅಂದರೆ ಕೃತಕ ಗರ್ಭಧಾರಣೆ, ಮಾಡಿಸಿದ್ದೂ ಇದೆ. ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ. ವೀರ್ಯ ತುಂಬಿದ ಕಡ್ಡಿಯ ಮೇಲೆ ತಳಿ ಮತ್ತು ಹೋರಿಯ ನಂಬರ್ ಅಚ್ಚಾಗಿರುತ್ತದೆ. ಒಳಗೆ ಹಾಕುವ ಮುಂಚೆ ಓದಿ, ಖಾಲಿ ಕಡ್ಡಿಯನ್ನು ಆ ಪುಟಕ್ಕೇ ಅಂಟಿಸುತ್ತೇನೆ. ಒಮ್ಮೆ ಓದದೆ ಬಿಟ್ಟಿದ್ದಕ್ಕೆ ದೇವಣಿಗೆ ಜರ್ಸಿ ಕರು ಹುಟ್ಟಿತ್ತು. ಪಾಪ, ಹಾಲು ಚೆನ್ನಾಗಿಯೇ ಕೊಟ್ಟಿತು, ನನ್ನ ಪುಸ್ತಕದಲ್ಲಿ ಮಾತ್ರ ಅದಕ್ಕೆ ಪುಟವಿಲ್ಲ.

ಲಾಭದ ಮಾತು ಕೇಳುತ್ತಾರೆ. ಎಚ್ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್, ವಿದೇಶಿ ಹಾಲಿನ ತಳಿ) ಜೊತೆ ಹಾಲಿನಲ್ಲಿ ಪೈಪೋಟಿ ಆಗದು. ನನ್ನ ಒಳ್ಳೆಯ ಆಕಳು ಹೊತ್ತಿಗೆ ಎರಡೂವರೆ ಲೀಟರ್. ಆದರೆ ಮೇ ತಿಂಗಳ ಬಿಸಿಲಲ್ಲಿ ಕಣಿಕೆ, ತೊಗರಿ ಹೊಟ್ಟು ತಿಂದುಕೊಂಡು ನಿಲ್ಲುತ್ತದೆ, ಗಂಡು ಕರು ಎತ್ತಾಗುತ್ತದೆ. ಮಳೆ ಬಿದ್ದ ಎರೆ ಹೊಲದಲ್ಲಿ ಟ್ರ್ಯಾಕ್ಟರ್ ಹೂತುಕೊಂಡಾಗ ಎಡೆ ಹೊಡೆಯಲು ನನ್ನ ಜೋಡಿಯನ್ನೇ ಕರೆಯುತ್ತಾರೆ.

ಬರುವ ಕಾರಹುಣ್ಣಿಮೆಗೆ ಬಾಲಂಕ್ಯಾನ ಅವಧಿ ಮುಗಿಯುತ್ತದೆ. ಅವನ ಮೊದಲ ಮಗಳಿಗೆ ಈಗ ಎರಡು ವರ್ಷ. ಮೊನ್ನೆ ಔರಾದ್ ಕಡೆ ಹೋಗಿ ಒಂದು ವಾನೇರಾ ಹೋರಿ ನೋಡಿ ಬಂದೆ. ಮುಖ ಹಿಡಿಸಿತು. ತಾಯಿಯನ್ನು ಇನ್ನೂ ನೋಡಬೇಕು, ಮೇಯಲು ಹೊಲಕ್ಕೆ ಹೋಗಿತ್ತು.