ಕಸ ಅಂದುಕೊಂಡ ಚುಕ್ಕೆಗಳು

ಮೊದಲ ಸಲ ಕಂಡಾಗ ಕಸ ಅಂದುಕೊಂಡೆ. ನಾಲ್ಕು ಸ್ಲೈಡ್ ಎಸೆದೂ ಬಿಟ್ಟೆ. ಕ್ರೋಮೋಸೋಮ್‌ಗಳ ಸುತ್ತ ಸಾಸಿವೆ ಸಿಡಿದ ಹಾಗೆ ಸಣ್ಣ ಚುಕ್ಕೆಗಳು. ಜೀಮ್ಸಾ ಬಣ್ಣವನ್ನು ಸರಿಯಾಗಿ ಸೋಸದಿದ್ದರೆ ಹೀಗೇ ಆಗುತ್ತೆ. ನನ್ನದೇ ತಪ್ಪು ಅಂತ ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ: "ಕಸ ಜಾಸ್ತಿ. ಮತ್ತೆ ಮಾಡಬೇಕು."

ಮೈಸೂರಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದ ದಿನಗಳವು. ನನಗೆ ಕೊಟ್ಟಿದ್ದು ಕೋಲೋ 320ಡಿಎಂ ಎಂಬ ದೊಡ್ಡ ಕರುಳಿನ ಕ್ಯಾನ್ಸರ್ ಕೋಶಗಳು. ಇವುಗಳಲ್ಲಿ ಕ್ಯಾನ್ಸರ್ ಬೆಳೆಸುವ ಮಿಕ್ ಎಂಬ ಜೀನ್ ಕ್ರೋಮೋಸೋಮ್ ಬಿಟ್ಟು ಹೊರಗೆ, ಉಂಗುರದ ಡಿಎನ್‌ಎ ಮೇಲೆ ಕೂತಿರುತ್ತೆ ಅಂತ ಓದಿದ್ದೆ. ಓದಿದ್ದು ಉಂಗುರ, ಹಾಗಾಗಿ ಹುಡುಕಿದ್ದೂ ಉಂಗುರವನ್ನೇ. ನಮ್ಮ ಸಾಧಾರಣ ಮೈಕ್ರೋಸ್ಕೋಪಿನಲ್ಲಿ ಅದು ಬರೀ ಚುಕ್ಕೆಯಾಗಿ ಕಾಣುತ್ತೆ ಅಂತ ಹೊಳೆಯಲೇ ಇಲ್ಲ.

ಐದನೇ ಸ್ಲೈಡ್ ಅನ್ನು ಗೈಡ್ ಮೇಡಂ ನೋಡಿದರು. "ಕಸ ಯಾವತ್ತಾದ್ರೂ ಜೋಡಿ ಜೋಡಿಯಾಗಿ ಬೀಳುತ್ತೇನಮ್ಮಾ?" ಅಂದರು, ಅಷ್ಟೇ. ಮತ್ತೆ ಕಣ್ಣಿಟ್ಟು ನೋಡಿದೆ. ಹೌದು, ಎರಡೆರಡು ಚುಕ್ಕೆ ಅಂಟಿಕೊಂಡಿದ್ದವು. ಒಂದು ಕೋಶ ಎರಡಾಗುವ ಮುಂಚೆ ಪ್ರತಿ ಉಂಗುರಕ್ಕೂ ಒಂದು ನಕಲು ಆಗಿರುತ್ತಲ್ಲ, ಆ ಜೋಡಿ. ಹೆಸರೇ ಡಬಲ್ ಮೈನ್ಯೂಟ್, ಅಂದರೆ ಪುಟಾಣಿ ಜೋಡಿ. ನಾನೋ ಬಹಳ ದಿನ ಅದನ್ನು ಗಡಿಯಾರದ ಮಿನಿಟ್ ಅಂತಲೇ ಓದುತ್ತಿದ್ದೆ. 1965ರಲ್ಲೇ ಮಕ್ಕಳ ಗೆಡ್ಡೆಗಳಲ್ಲಿ ಇದನ್ನು ಗುರುತಿಸಿದ್ದರು.

ಸ್ಲೈಡ್ ಮಾಡುವುದೇ ಒಂದು ಗೋಳು. ಕೋಲ್ಸೆಮಿಡ್ ಎಂಬ ರಾಸಾಯನಿಕ ಹಾಕಿ ಕೋಶಗಳನ್ನು ಎರಡಾಗುವ ಹಂತದಲ್ಲೇ ನಿಲ್ಲಿಸಬೇಕು. ಆಮೇಲೆ 0.075 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡಿನಲ್ಲಿ, 37 ಡಿಗ್ರಿಯಲ್ಲಿ, ಉಬ್ಬಲು ಬಿಡಬೇಕು. ಹೊತ್ತು ಜಾಸ್ತಿಯಾದರೆ ಒಡೆದೇ ಹೋಗುತ್ತವೆ. ಕೊನೆಗೆ ಕೋಶಗಳು ಕೆಡದ ಹಾಗೆ ಹಿಡಿದಿಡಲು ಮೂರು ಪಾಲು ಮೆಥನಾಲ್, ಒಂದು ಪಾಲು ಅಸಿಟಿಕ್ ಆಸಿಡ್. ಇದನ್ನು ಆಗಷ್ಟೇ ಬೆರೆಸಿರಬೇಕು, ಟ್ಯೂಬ್ ತಟ್ಟುತ್ತಾ ಹನಿ ಹನಿಯಾಗಿ ಬಿಡಬೇಕು. ಇಷ್ಟೆಲ್ಲ ಸರಿ ಮಾಡಿದರೂ ಮಾರ್ಚ್ ತಿಂಗಳ ಮೈಸೂರಿನ ಒಣಗಾಳಿಯಲ್ಲಿ ಕೋಶಗಳ ಹನಿ ಸ್ಲೈಡ್ ಮೇಲೆ ಬಿದ್ದ ತಕ್ಷಣ ಆರಿ, ಕ್ರೋಮೋಸೋಮ್‌ಗಳು ಮುದ್ದೆ ಕಟ್ಟಿ ಕೂರುತ್ತಿದ್ದವು. "ಒಂಚೂರು ಹಬೆಗೆ ಹಿಡೀರಿ ಮೇಡಮ್" ಅಂದವರು ನಮ್ಮ ಲ್ಯಾಬಿನ ಹಳೇ ಅಟೆಂಡರ್. ಬಿಸಿನೀರಿನ ಹಬೆಗೆ ಸ್ಲೈಡ್ ತೋರಿಸಿದೆ. ರಂಗೋಲಿ ಪುಡಿ ಉದುರಿಸಿದ ಹಾಗೆ ಹರಡಿಕೊಂಡವು! ಜುಲೈ ಮಳೆಗಾಲದಲ್ಲಿ ಆ ಹಬೆಯೂ ಬೇಕಾಗಲಿಲ್ಲ.

ಎಣಿಸಲು ಕೂತಾಗ ನಿಜವಾದ ಆಶ್ಚರ್ಯ ಕಾದಿತ್ತು. ಒಂದು ಕೋಶದಲ್ಲಿ 14 ಜೋಡಿ. ಅದೇ ಸ್ಲೈಡಿನ ಪಕ್ಕದ ಕೋಶದಲ್ಲಿ 60 ದಾಟಿತು. ಕೋಶ ಎರಡಾಗುವಾಗ ಕ್ರೋಮೋಸೋಮ್‌ಗಳನ್ನು ಎರಡೂ ಕಡೆಗೆ ಎಳೆಯಲು ಸೆಂಟ್ರೋಮಿಯರ್ ಅನ್ನೋ ಹಿಡಿ ಇರುತ್ತೆ, ಪಾಲು ಸಮ ಆಗುತ್ತೆ. ಈ ಉಂಗುರಗಳಿಗೆ ಆ ಹಿಡಿಯೇ ಇಲ್ಲ. ಒಬ್ಬನಿಗೆ ಹತ್ತು ಎಕರೆ, ಇನ್ನೊಬ್ಬನಿಗೆ ಎರಡು ಗುಂಟೆ. ಔಷಧಿ ಬಿದ್ದಾಗ ಈ ತಾರತಮ್ಯವೇ ಕ್ಯಾನ್ಸರ್‌ಗೆ ಅನುಕೂಲ. ಯಾರ ಪಾಲು ಆ ಹೊತ್ತಿಗೆ ಸರಿಯಿದೆಯೋ ಅವರು ಉಳಿಯುತ್ತಾರೆ. 2014ರಲ್ಲಿ ಅಮೆರಿಕದ ಪಾಲ್ ಮಿಶೆಲ್ ಮತ್ತು ಜೊತೆಯವರು ಗ್ಲಿಯೋಬ್ಲಾಸ್ಟೋಮಾ ಎಂಬ ಮೆದುಳಿನ ಕ್ಯಾನ್ಸರ್‌ನಲ್ಲಿ ಇದನ್ನು ತೋರಿಸಿದರು. ಔಷಧಿ ಕೊಟ್ಟಾಗ ಅದು ಗುರಿಯಿಟ್ಟ ಇಜಿಎಫ್‌ಆರ್ ಎಂಬ ಜೀನ್ ಹೊತ್ತ ಉಂಗುರಗಳು ಮಾಯ, ನಿಲ್ಲಿಸಿದರೆ ವಾಪಸ್.

ಖಾತ್ರಿಗೆ ಮಿಕ್ ಜೀನಿಗೆ ಅಂಟುವ ಹೊಳೆಯುವ ಡಿಎನ್‌ಎ ತುಣುಕು (ಪ್ರೋಬ್) ಹಾಕಿ ಫಿಶ್ ಎಂಬ ಪರೀಕ್ಷೆ ಮಾಡಿದೆವು. ಪಕ್ಕದಲ್ಲಿ ಅದೇ ಗೆಡ್ಡೆಯಿಂದ ಬಂದ ಕೋಲೋ 320ಎಚ್‌ಎಸ್‌ಆರ್ ಕೋಶಗಳನ್ನೂ ಇಟ್ಟೆವು. ಅದರಲ್ಲಿ ಮಿಕ್ ಕ್ರೋಮೋಸೋಮಿನ ಒಳಗೇ ದಪ್ಪ ಪಟ್ಟಿಯಾಗಿ ಹೊಳೆಯಿತು. ನಮ್ಮ 320ಡಿಎಂ ಸ್ಲೈಡಿನಲ್ಲಿ ನಾನು ಕಸ ಅಂದಿದ್ದ ಚುಕ್ಕೆಗಳೆಲ್ಲ ಹೊಳೆದವು.

ಲ್ಯಾಬ್ ನೋಟ್‌ಬುಕ್ಕಿನಲ್ಲಿ ಬರೆದದ್ದನ್ನು ಅಳಿಸುವ ಹಾಗಿಲ್ಲ. "ಕಸ ಜಾಸ್ತಿ" ಮೇಲೆ ಒಂದೇ ಒಂದು ಗೆರೆ ಎಳೆದು, ಪಕ್ಕದಲ್ಲಿ ತಾರೀಖು ಹಾಕಿ ಸಹಿ ಮಾಡಿದೆ.