‘ಆಸ್-ಬಿಲ್ಟ್’ ಅಂತ ಬರೆಯುವ ಮೊದಲು

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಒಂದು ಹಂಚಿನ ಮನೆ. ಮುರಕಲ್ಲಿನ ಗೋಡೆ, ಮರದ ಅಟ್ಟ. ಚಾವಡಿ ದೊಡ್ಡದು ಮಾಡಬೇಕು, ಒಳಗೇ ಒಂದು ಬಾತ್‌ರೂಮ್ ಬೇಕು ಅಂದರು ಮನೆಯವರು. ಹಿಂದೊಮ್ಮೆ ಮನೆ ರಿಪೇರಿ ಮಾಡಿಸಿದಾಗಿನ ಹಾಳೆಯನ್ನು ಕಪಾಟಿನಿಂದ ತೆಗೆದುಕೊಟ್ಟರು. ಮೇಲೆ ‘ಆಸ್-ಬಿಲ್ಟ್’, ಅಂದರೆ ಕಟ್ಟಿ ಮುಗಿದ ಮೇಲಿನ ನಕ್ಷೆ, ಅಂತ ಇತ್ತು. ನಾನು ಅದನ್ನೇ ನಂಬಿ ಹೊಸ ನಕ್ಷೆ ಬರೆದೆ.

ಹಾಳೆಯಲ್ಲಿ ಚಾವಡಿಯ ಪಕ್ಕದ ಗೋಡೆ 4 ಇಂಚಿನ ಅಡ್ಡಗೋಡೆ. ಕೆಡಹುವ ದಿನ ಮೇಸ್ತ್ರಿ ಸ್ವಲ್ಪ ಸಾರಣೆ ಕೆತ್ತಿ ಕೆಲಸ ನಿಲ್ಲಿಸಿದರು. ‘ಸಾರೇ, ಅಟ್ಟದ ತೊಲೆ ಇದರ ಮೇಲೇ ಕೂತಿದೆ’ ಅಂದರು. ಅಳೆದರೆ ಗೋಡೆ 9 ಇಂಚು. ಆ ಹಾಳೆ ಕೆಲಸ ಶುರುವಾಗುವ ಮೊದಲು ಬರೆದದ್ದು, ಯಾರೋ ಅದಕ್ಕೆ ‘ಆಸ್-ಬಿಲ್ಟ್’ ಅಂತ ತಪ್ಪು ಹೆಸರು ಹಾಕಿದ್ದರು. ಅಳೆಯದೆ ಮುಂದುವರಿದದ್ದು ನನ್ನ ತಪ್ಪು.

ಆಸ್-ಬಿಲ್ಟ್ ಅಂದರೆ ಕೆಲಸ ಮುಗಿದ ಮೇಲೆ, ನಿಜವಾಗಿ ಕಟ್ಟಿದ ಹಾಗೆ ಬರೆದ ನಕ್ಷೆ. ಹಳೇ ಮನೆಯನ್ನು ನಾವೀಗ ಅಳೆದು ಬರೆದರೆ ಅದು ಎಕ್ಸಿಸ್ಟಿಂಗ್ ಪ್ಲಾನ್, ‘ಈಗಿರುವ ಮನೆ’. ಇವೆರಡನ್ನು ಬೆರೆಸಬಾರದು. ಈಗ ನಾನು ಅಳತೆ ಮಾಡಿದ ತಾರೀಕನ್ನೂ ಹಾಳೆಯ ಮೂಲೆಯಲ್ಲಿ ಬರೆಯುತ್ತೇನೆ. ಪ್ರತಿ ಕೋಣೆಯ ಮೂಲೆಯಿಂದ ಎದುರು ಮೂಲೆಗೂ ಓರೆಯಾಗಿ ಟೇಪ್ ಹಿಡಿಯುತ್ತೇನೆ. ಹಳೇ ಕೋಣೆ ಚೌಕವಾಗಿರುವುದು ಕಡಿಮೆ ಅಲ್ವಾ? ತೊಲೆ ಯಾವ ಕಡೆಗೆ ಓಡುತ್ತದೆ ಅಂತ ಅಟ್ಟ ಹತ್ತಿ ನೋಡಿ, ಪ್ಲಾನ್ ಮೇಲೆ ಚುಕ್ಕೆಗೆರೆಯಲ್ಲಿ ತೋರಿಸುತ್ತೇನೆ.

ಕೆಡಹುವುದಕ್ಕೆ ಬೇರೆಯೇ ಹಾಳೆ, ಡೆಮಾಲಿಷನ್ ಪ್ಲಾನ್. ಪ್ರಪೋಸ್ಡ್ ಪ್ಲಾನ್‌ನಲ್ಲೇ, ಅಂದರೆ ಮುಂದೆ ಮನೆ ಹೇಗಿರಬೇಕು ಅಂತ ತೋರಿಸುವ ಹಾಳೆಯಲ್ಲೇ, ಎಲ್ಲ ತುರುಕಿದರೆ ಯಾವ ಗೋಡೆ ಹೋಗುತ್ತದೆ, ಯಾವುದು ಉಳಿಯುತ್ತದೆ ಅಂತ ಗೊತ್ತಾಗುವುದಿಲ್ಲ. ಕೆಡಹುವುದಕ್ಕೆ ಹಳದಿ, ಹೊಸದಕ್ಕೆ ಕೆಂಪು. ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲೂ ಇದೇ ಬಣ್ಣ. ನಮ್ಮಲ್ಲಿ ಮನೆಯವರು ಕನ್ನಡ ಓದುತ್ತಾರೆ, ಮೇಸ್ತ್ರಿಗಳಲ್ಲಿ ಜಾಸ್ತಿ ಜನ ಮಲಯಾಳ ಓದುತ್ತಾರೆ. ಹಾಗಾಗಿ ಹಳದಿ ಗೋಡೆಯ ಪಕ್ಕ ‘ಕೆಡಹಬೇಕು’ ಅಂತಲೂ, ಅವರ ಲಿಪಿಯಲ್ಲೇ ‘ಪೊಳಿಕ್ಕಣಂ’ ಅಂತಲೂ ಬರೆಯುತ್ತೇನೆ.

ಆ ಮನೆಯ ಗೋಡೆ ಉಳಿಯಿತು. ನಡುವೆ ಬಾಗಿಲಿನಷ್ಟು ಮಾತ್ರ ತೆರೆದು, ಮೇಲಿನ ಭಾರ ಹೊರಲು ಲಿಂಟಲ್ (ಅಡ್ಡ ತೊಲೆ) ಕೊಟ್ಟೆವು. ಕೆಲಸ ಮುಗಿದ ಮೇಲೆ ಬಾತ್‌ರೂಮಿನ ಪೈಪು ಗೋಡೆಯೊಳಗೆ ಎಲ್ಲೆಲ್ಲಿ ಹೋಗಿದೆ ಅಂತ ಅಳೆದು ಹೊಸ ಹಾಳೆ ಬರೆದೆ. ಅದರ ಮೇಲೆ ‘ಆಸ್-ಬಿಲ್ಟ್’ ಅಂತ ಹಾಕಿ, ಅದೇ ಕಪಾಟಿನಲ್ಲಿ ಇಡಿಸಿದೆ.